ರಾಕೆಟ್ ಲೀಗ್: ಗೆಳೆಯರ ಪಂದ್ಯಕ್ಕೆ ಸ್ವಂತ ನಿಯಮಾವಳಿ

ದೇವನಹಳ್ಳಿಯ ಖಾಲಿ ನಿವೇಶನದಲ್ಲಿ ಕ್ರಿಕೆಟ್ ಆಡುವ ಹುಡುಗರು ಚೆಂಡು ಮುಟ್ಟುವ ಮುನ್ನವೇ ತಮ್ಮ ಕಾನೂನು ರಚಿಸಿಕೊಳ್ಳುತ್ತಾರೆ. ಕಾಂಪೌಂಡ್ ದಾಟಿದರೆ ಔಟ್; ಒಂದು ಪಿಚ್ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಜಾಗಕ್ಕೆ, ಜನಕ್ಕೆ ತಕ್ಕಂತೆ ನಿಯಮ ಬದಲಿಸುವ ಈ ಸ್ವಾತಂತ್ರ್ಯ ಕಂಪ್ಯೂಟರ್ ಕ್ರೀಡೆಗಳಲ್ಲೂ ಉಂಟು. ಅದಕ್ಕೆ ಉತ್ತಮ ಉದಾಹರಣೆ ರಾಕೆಟ್ ಲೀಗ್.

ಸೈಯೋನಿಕ್ಸ್ ಸಂಸ್ಥೆ 2015ರ ಜುಲೈನಲ್ಲಿ ಬಿಡುಗಡೆ ಮಾಡಿದ ಈ ಆಟದಲ್ಲಿ ಆಟಗಾರರ ಬದಲು ಕಾರುಗಳು ಕಾಲ್ಚೆಂಡು ಆಡುತ್ತವೆ. 2020ರ ಸೆಪ್ಟೆಂಬರ್‌ನಿಂದ ಇದು ಉಚಿತ. ಸಾಮಾನ್ಯ ಪಂದ್ಯದ ಅವಧಿ 5 ನಿಮಿಷ; ಸಮಬಲವಾದರೆ ಮುಂದಿನ ಗೋಲೇ ನಿರ್ಣಾಯಕ.

ದೊಡ್ಡಬಳ್ಳಾಪುರದಲ್ಲಿ ಒಬ್ಬ, ಹೊಸಕೋಟೆಯಲ್ಲಿ ಇಬ್ಬರು, ನೆಲಮಂಗಲದಲ್ಲಿ ಇನ್ನಿಬ್ಬರು ಗೆಳೆಯರಿದ್ದಾರೆ ಎನ್ನೋಣ. ಅವರಲ್ಲೊಬ್ಬರು ಆಟದ ಪಟ್ಟಿಯಲ್ಲಿ ಖಾಸಗಿ ಪಂದ್ಯವನ್ನು ಆಯ್ದು, ಅದಕ್ಕೊಂದು ಹೆಸರು ಹಾಗೂ ಪಾಸ್‌ವರ್ಡ್ ಕೊಟ್ಟು ಉಳಿದವರಿಗೆ ತಿಳಿಸಿದರಾಯಿತು. ಬಳಿಕ ಮೈದಾನ, ತಂಡದ ಗಾತ್ರ (ಒಂದು ಕಡೆಗೆ ಗರಿಷ್ಠ 4) ಮತ್ತು ಸರ್ವರ್ ಪ್ರದೇಶವನ್ನು ನಿಗದಿಪಡಿಸಬೇಕು. ಐವರೇ ಇದ್ದರೆ ಆರನೆಯ ಸ್ಥಾನವನ್ನು ಬಾಟ್, ಅಂದರೆ ಯಂತ್ರವೇ ನಡೆಸುವ ಕಾರು, ತುಂಬುತ್ತದೆ. ಅನೇಕರು ಸರ್ವರ್ ಪ್ರದೇಶವನ್ನು ಗಮನಿಸುವುದೇ ಇಲ್ಲ. ದೂರದ ಖಂಡದ ಸರ್ವರ್ ಆಯ್ಕೆಯಾಗಿದ್ದರೆ ಬಟನ್ ಒತ್ತಿದ ಮೇಲೆ ಕಾರು ಸಾವಕಾಶವಾಗಿ ಎಚ್ಚರಗೊಳ್ಳುತ್ತದೆ. ದೂಷಣೆ ಮಾತ್ರ ಮನೆಯ ಬ್ರಾಡ್‌ಬ್ಯಾಂಡ್‌ಗೆ!

ನಿಯಮ ಬದಲಿಸುವ ಸಾಧನಗಳಿಗೆ ಮ್ಯುಟೇಟರ್ ಎಂದು ಹೆಸರು. ಪಂದ್ಯದ ಅವಧಿ, ಗೋಲುಗಳ ಮಿತಿ, ಚೆಂಡಿನ ಗಾತ್ರ, ತೂಕ, ಪುಟಿತ, ವೇಗ, ಗುರುತ್ವಾಕರ್ಷಣೆ, ಬೂಸ್ಟ್ ಎಲ್ಲವೂ ಇಲ್ಲಿ ಬದಲಾಗುತ್ತವೆ. ಚೆಂಡನ್ನು ಚೌಕಾಕಾರವಾಗಿಸಲೂಬಹುದು. ಬೂಸ್ಟ್ ಎಂದರೆ ಕಾರಿಗೆ ಹೆಚ್ಚುವರಿ ವೇಗ ಕೊಡುವ ಇಂಧನ. ಸಾಮಾನ್ಯ ಮೈದಾನದಲ್ಲಿ 100 ಅಂಶ ಬೂಸ್ಟ್ ತುಂಬುವ 6 ದೊಡ್ಡ ತಾಣಗಳೂ, 12 ಅಂಶ ನೀಡುವ 28 ಚಿಕ್ಕ ತಾಣಗಳೂ ಇರುತ್ತವೆ.

ಹೊಸಬರು ಎಡವುವುದು ಇಲ್ಲಿಯೇ. ಮೊದಲ ದಿನ ಬಂದ ತಮ್ಮನೋ ತಂಗಿಯೋ ಕಷ್ಟಪಡಬಾರದೆಂದು ಅಣ್ಣಂದಿರು ಬೂಸ್ಟನ್ನು ಅಪರಿಮಿತಗೊಳಿಸುತ್ತಾರೆ. ಫಲ ವ್ಯತಿರಿಕ್ತ. ಗಾಳಿಯಲ್ಲಿ ಕಾರನ್ನು ನಿಯಂತ್ರಿಸಬಲ್ಲ ನುರಿತವನು ನೆಲಕ್ಕೇ ಇಳಿಯದೆ ಗೋಲು ಹೊಡೆಯುತ್ತಾನೆ; ಹೊಸಬ ಗೋಡೆಗೆ ಗುದ್ದಿಕೊಂಡು, ಹತ್ತು ನಿಮಿಷದಲ್ಲಿ ಬೇಸತ್ತು ಎದ್ದುಹೋಗುತ್ತಾನೆ. ಕಡಿಮೆ ಗುರುತ್ವಾಕರ್ಷಣೆಯೂ ಹಾಗೆಯೇ, ಮೊದಲೆರಡು ಪಂದ್ಯ ನಗು, ನಂತರ ಪ್ರಯಾಸ. ಅಂತರ ತಗ್ಗಬೇಕಾದರೆ ಬೂಸ್ಟನ್ನು ಸಂಪೂರ್ಣ ತೆಗೆದುಹಾಕಿ, ಚೆಂಡನ್ನು ದೊಡ್ಡದಾಗಿಸಿ, ಅದರ ವೇಗವನ್ನು ತಗ್ಗಿಸುವುದು ಮೇಲು. ಆಗ ಎಲ್ಲರೂ ನೆಲದ ಮೇಲೆಯೇ ಆಡಬೇಕಾಗುತ್ತದೆ. ಒಂದು ಬಾರಿಗೆ ಒಂದೆರಡು ನಿಯಮವನ್ನಷ್ಟೇ ಬದಲಿಸಿದರೆ ಆಟ ಕೆಟ್ಟದ್ದು ಯಾವುದರಿಂದ ಎಂಬುದೂ ತಿಳಿಯುತ್ತದೆ. ಖಾಸಗಿ ಪಂದ್ಯದ ಸೋಲು ಗೆಲುವು ಆಟಗಾರರ ಶ್ರೇಯಾಂಕವನ್ನು ಮುಟ್ಟುವುದಿಲ್ಲವಾದ್ದರಿಂದ ಪ್ರಯೋಗಕ್ಕೆ ಅಳುಕಬೇಕಾಗಿಲ್ಲ.

ಇಂಥ ಪ್ರಯೋಗಗಳನ್ನು ಆಟದ ತಯಾರಕರೂ ಮಾಡಿದ್ದಾರೆ. 2015ರ ಡಿಸೆಂಬರ್‌ನಲ್ಲಿ ಚೆಂಡಿನ ಬದಲು ಐಸ್ ಹಾಕಿಯ ಬಿಲ್ಲೆಯನ್ನಿಟ್ಟ ಸ್ನೋ ಡೇ ಬಂದಿತು. 2016ರಲ್ಲಿ ಬಾಸ್ಕೆಟ್‌ಬಾಲ್ ಮಾದರಿಯ ಹೂಪ್ಸ್ ಸೇರಿತು.

ಪಟ್ಟಿಯಲ್ಲಿಲ್ಲದ ನಿಯಮವೊಂದಿದೆ, ಅದು ಹಣದ್ದು. ತಲೆಗೆ ಇಷ್ಟೆಂದು ಕೂಡಿಸಿ ಗೆದ್ದವರಿಗೆ ಹಂಚುವ ಪದ್ಧತಿಯಿಂದ ದೂರವಿರುವುದು ಲೇಸು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಿರಲಿ ಅದೃಷ್ಟದವಾಗಿರಲಿ, ನಿಷೇಧಿಸುತ್ತದೆ. ಅಂಥ ಸೇವೆ ಒದಗಿಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಇ-ಕ್ರೀಡೆಗಳಿಗೆ ಪ್ರವೇಶ ಶುಲ್ಕ ಹಾಗೂ ಬಹುಮಾನದ ವಿನಾಯಿತಿ ಇರುವುದು ನಿಜ. ಆದರೆ ಅದು ಮಾನ್ಯತೆ ಮತ್ತು ನೋಂದಣಿ ಪಡೆದ ಸ್ಪರ್ಧೆಗಳಿಗೆ.