ಇಂದ್ರಕೀಲಾದ್ರಿಯ ಬುಡದಲ್ಲಿ ಶುಕ್ರವಾರದ ಕೂಟ

ನಾನು ಬಳ್ಳಾರಿಯಿಂದ ವಿಜಯವಾಡಕ್ಕೆ ವರ್ಗವಾಗಿ ಬಂದದ್ದು 2006ರಲ್ಲಿ. ಒನ್ ಟೌನ್‌ನಲ್ಲಿ ಬಾಡಿಗೆ ಮನೆ. ಮಹಡಿ ಹತ್ತಿದರೆ ಇಂದ್ರಕೀಲಾದ್ರಿ, ಅದರ ಮೇಲೆ ಕನಕದುರ್ಗೆಯ ಗುಡಿ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಇದೇ ಬೆಟ್ಟದಲ್ಲಿ ಅಂತ ಊರಿನವರು ಹೇಳುತ್ತಾರೆ. ಆ ಅರ್ಜುನನ ಕಥೆಯನ್ನು ಕನ್ನಡದಲ್ಲಿ ಹೇಳಿದ ಪಂಪನ ಹಿರಿಯರೂ ವೆಂಗಿ ನಾಡಿನವರೇ ಅಲ್ಲವೇ? ಹಾಗಾಗಿ ಇದು ಪರಸ್ಥಳ ಅನ್ನಿಸಬಾರದಿತ್ತು. ಆದರೂ ಅನ್ನಿಸಿತು.

ಮರುವರ್ಷ ಊರಲ್ಲಿ ಅಮ್ಮ ತೀರಿಹೋದಳು. ಅಮರಾವತಿ ಎಕ್ಸ್‌ಪ್ರೆಸ್ ಹಿಡಿದು, ರಾತ್ರಿಯಿಡೀ ಕೂತು ಬಳ್ಳಾರಿ ಸೇರುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ವಾಪಸು ಬಂದ ಮೇಲೆ ನನಗೆ ಪ್ರಾರ್ಥನೆ ನಿಂತುಹೋಯಿತು. ಮೊಣಕಾಲೂರಿದರೂ ಬಾಯಿಂದ ಮಾತು ಹೊರಡದು. ದೇವರಿಲ್ಲ ಅಂತ ಅನ್ನಿಸಲಿಲ್ಲ. ಇದ್ದಾನೆ, ಆದರೆ ಬಳ್ಳಾರಿಯಲ್ಲೇ ಉಳಿದುಬಿಟ್ಟಿದ್ದಾನೆ ಅನ್ನಿಸಿತು.

ಫೆಬ್ರವರಿಯಲ್ಲಿ ಆಫೀಸಿನ ಗೆಳೆಯರು ಊರಿನ ಇನ್ನೊಂದು ಬದಿಯ ಗುಣದಲಕ್ಕೆ ಕರೆದುಕೊಂಡು ಹೋದರು. 1924ರಲ್ಲಿ ಇಟಲಿಯ ಫಾದರ್ ಆರ್ಲಾಟಿ ಅಲ್ಲಿಯ ಅನಾಥಾಲಯದ ಬಳಿ, ಬೆಟ್ಟದಲ್ಲಿ ಲೂರ್ದು ಮಾತೆಯ ಪ್ರತಿಮೆ ಇಟ್ಟರು. ಈಗ 9ರಿಂದ 11ರವರೆಗೆ ಅಲ್ಲಿ ದೊಡ್ಡ ಜಾತ್ರೆ. ಮುಡಿ ಕೊಡುವವರು, ತೆಂಗಿನಕಾಯಿ ಒಡೆಯುವವರು, ಜಪಸರ ಹಿಡಿದವರು, ಎಲ್ಲರೂ ಒಟ್ಟಿಗೆ ಮೆಟ್ಟಿಲು ಹತ್ತುತ್ತಾರೆ. ಅವರ ಭಕ್ತಿ ಕಂಡು ಸಂತೋಷವಾಯಿತು. ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದ ನಾನು ಮಾತ್ರ ನೋಡುವವನಾಗಿಯೇ ಉಳಿದೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ವಿಶಾಖಪಟ್ಟಣದ ಕಡೆಯವರು. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಹತ್ತು-ಹನ್ನೆರಡು ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. "ನೀನೇನೂ ಹೇಳಬೇಡಪ್ಪ, ಸುಮ್ನೆ ಬಂದು ಕೂತ್ಕೋ" ಅಂತ ತೆಲುಗಿನಲ್ಲೇ ಕರೆದರು. ಹೋದೆ.

ಅವರು ವಿಶಾಖಪಟ್ಟಣ ಅಂದಾಗ ಬೇರೇನೋ ನೆನಪಾಗಿತ್ತು. ನಮ್ಮ ಬಳ್ಳಾರಿ ಸಭೆಯನ್ನು ಕಟ್ಟಿದ ಲಂಡನ್ ಮಿಷನ್‌ನ ಕ್ರ್ಯಾನ್ ಮತ್ತು ಡೆ ಗ್ರಾಂಜಸ್ 1805ರಲ್ಲಿ ಬಂದು ನೆಲೆಸಿದ್ದು ಆ ಊರಿನಲ್ಲಿ. ಅವರಿಗೆ ತೆಲುಗು ಎಲ್ಲಿ ಬರಬೇಕು? ಆನಂದರಾಯರ್ ಎಂಬ ಕ್ರೈಸ್ತನಾದ ಬ್ರಾಹ್ಮಣನೊಬ್ಬ ಜೊತೆಗೆ ಕೂತ ಮೇಲೆ ಸುವಾರ್ತೆಗಳ ಅನುವಾದ ಸಾಗಿತು. ಕ್ರ್ಯಾನ್ 1809ರಲ್ಲಿ, ಡೆ ಗ್ರಾಂಜಸ್ 1810ರಲ್ಲಿ ತೀರಿಕೊಂಡರು. ಅದೇ 1810ರಲ್ಲಿ ಅದೇ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ. ಅವನ ಕನ್ನಡ ಬೈಬಲು ಪೂರ್ತಿಯಾಗಲು 1831 ಬರಬೇಕಾಯಿತು. ಇಪ್ಪತ್ತು ವರ್ಷ! ಪರದೇಶಿ ಪಾದ್ರಿಗಳ ಹೆಸರು ನಮಗೆ ಬಾಯಿಪಾಠ. ಪಕ್ಕದಲ್ಲಿ ಕೂತು ಮಾತು ಹುಡುಕಿಕೊಟ್ಟ ಪಂಡಿತರು, ಮುನ್ಷಿಗಳು ನಮ್ಮ ನೆನಪಿನಲ್ಲಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಆ ಸಂಜೆ ಚಾಪೆಯ ತುದಿಯಲ್ಲಿ ಕೂತಿದ್ದೆ. ಎಲ್ಲರೂ ಒಟ್ಟಿಗೇ ದನಿಯೆತ್ತಿ, ಅವರವರ ಕಷ್ಟ ಅವರವರು ಹೇಳಿಕೊಳ್ಳತೊಡಗಿದರು. ಒಬ್ಬಾಕೆಗೆ ಮಗನ ಪರೀಕ್ಷೆ, ಒಬ್ಬನಿಗೆ ಆಟೋದ ಸಾಲ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆಮೇಲೆ ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟರು. ಅಮ್ಮನ ಹೆಸರು ಅವರಿಗೆ ಗೊತ್ತಿರಲಿಲ್ಲ. ತಾಯಿಯ ಮುಖ ನೋಡಲಾಗದೆ ಬಂದ ಈ ಹುಡುಗ ಅಂತ ಸುರುಮಾಡಿದರು. ನಲವತ್ತು ದಾಟಿದ ನಾನು ಹುಡುಗ! ಕೋಣೆಯ ದನಿಗಳೆಲ್ಲ ಒಂದೊಂದಾಗಿ ಆ ಮಾತಿನ ಕಡೆಗೆ ತಿರುಗಿದವು. ಬೆಳಕು ಕಾಣಲಿಲ್ಲ, ವಾಣಿ ಕೇಳಲಿಲ್ಲ. ನಾನು ಹೊರಲಾರದ್ದನ್ನು ಹನ್ನೆರಡು ಜನ ಎತ್ತಿ ಯಾರ ಮುಂದೆಯೋ ಇಡುತ್ತಿದ್ದಾರೆ, ಆ 'ಯಾರೋ' ಇದೇ ಕೋಣೆಯಲ್ಲಿ, ಇದೇ ಚಾಪೆಯ ಹತ್ತಿರ ಇದ್ದಾನೆ ಅಂತ ಮಾತ್ರ ಸ್ಪಷ್ಟವಾಯಿತು. ಅತ್ತೆ. ತಿಂಗಳುಗಳಿಂದ ಅತ್ತಿರಲಿಲ್ಲ.

ಕೊನೆಗೆ ಕರ್ತನ ಪ್ರಾರ್ಥನೆ. ಅವರು ತೆಲುಗಿನಲ್ಲಿ, ನಾನು ಕನ್ನಡದಲ್ಲಿ. ಅವರದು ತಂಡ್ರಿ, ನನ್ನದು ತಂದೆ. ಪರಲೋಕ, ರಾಜ್ಯ, ಚಿತ್ತ, ಆಹಾರ ಬಂದಾಗ ಎರಡೂ ಒಂದೇ ಆಗಿ, ಮತ್ತೆ ಬೇರೆಯಾಗಿ, ಕಡೆಯ ಆಮೆನ್‌ಗೆ ಎಲ್ಲರೂ ಕೂಡಿಕೊಂಡೆವು. ಟೀ ಕೊಡುತ್ತಾ ಅಜ್ಜಿ, "ಬಾಯಿ ಬಿಟ್ಟೆಯಲ್ಲ" ಅಂದರು.

ಮುಂದಿನ ಶುಕ್ರವಾರ ಚಾಪೆ ನಾನೇ ಹಾಸಿದೆ.