ಗಾಯ ಕಾಣದ ನೋವು

ಅಮ್ಮನಿಗೆ ಸರ್ಪಸುತ್ತು ಬಂದು ವಾಸಿಯಾಗಿ ವರ್ಷ ಕಳೆದರೂ ಬೆನ್ನಿನ ಉರಿ ಹೋಗಿರಲಿಲ್ಲ. ಸೆರಗು ತಾಗಿದ್ರೂ ಬೆಚ್ಚಿಬೀಳ್ತಿದ್ದಳು. ಚರ್ಮ ನೋಡಿದ್ರೆ ಏನೂ ಇಲ್ಲ, ರಿಪೋರ್ಟ್‌ಗಳೆಲ್ಲಾ ನಾರ್ಮಲ್. ಕೊನೆಗೆ ಮನೆಯವರೇ 'ಅದೆಲ್ಲಾ ಮನಸ್ಸಿಂದು ಬಿಡು' ಅಂದ್ವಿ. ನಾನೂ ಅಂದೆ.

ಗಾಯ ಕಾಣದ ಈ ಉರಿಯನ್ನು ಗಂಭೀರವಾಗಿ ಬರೆದಿಟ್ಟವರಲ್ಲಿ ಸೈಲಸ್ ವೀರ್ ಮಿಚೆಲ್ ಪ್ರಮುಖ. 1860ರ ದಶಕ, ಅಮೆರಿಕದ ಅಂತರ್ಯುದ್ಧ. ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿ ನರಕ್ಕೆ ಗುಂಡು ತಗುಲಿದ ಸೈನಿಕರನ್ನು ಅವನು ನೋಡಿಕೊಳ್ಳುತ್ತಿದ್ದ. ಗಾಯ ಮಾಗಿದ ಮೇಲೂ ಕೆಲವರು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದರು, ಅಷ್ಟು ಉರಿ. ಮಿಚೆಲ್ ಅದನ್ನು 'ಕಾಸಾಲ್ಜಿಯಾ' ಎಂದು ಕರೆದ. ಕೈಕಾಲು ಕೆಂಪಗಾಗಿ ಉರಿಯುವ ಇನ್ನೊಂದು ಕಾಯಿಲೆಗೆ 1878ರಲ್ಲಿ 'ಎರಿತ್ರೋಮೆಲಾಲ್ಜಿಯಾ' ಎಂಬ ಹೆಸರನ್ನೂ ಕೊಟ್ಟ. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ಕಾರಣ ಸಿಗೋಕೆ 126 ವರ್ಷ ಬೇಕಾಯ್ತು. 2004ರಲ್ಲಿ ಚೀನಾದ ಸಂಶೋಧಕರು, ವಂಶಪಾರಂಪರ್ಯವಾಗಿ ಈ ಉರಿ ಬರುವವರಲ್ಲಿ ಒಂದೇ ಜೀನ್ ಕೆಟ್ಟಿರುವುದನ್ನು ಕಂಡರು. ಆ ಜೀನ್ ತಯಾರಿಸುವ ಪ್ರೋಟೀನ್ ಹೆಸರು ನ್ಯಾವ್ 1.7. ನರದ ಹೊರಪೊರೆಯಲ್ಲಿ ಕೂತಿರುವ ಪುಟ್ಟ ಗೇಟು ಅನ್ನಿ. ಅದು ತೆರೆದಾಗ ಸೋಡಿಯಂ ಒಳನುಗ್ಗುತ್ತೆ, ನೋವಿನ ಸಂಕೇತ ಹೊರಡುತ್ತೆ. ಈ ರೋಗಿಗಳಲ್ಲಿ ಗೇಟು ಸುಮ್ಮಸುಮ್ಮನೆ ತೆರೆದುಕೊಳ್ಳುತ್ತಿತ್ತು.

ಎರಡು ವರ್ಷ ಬಿಟ್ಟು ಕಥೆ ಉಲ್ಟಾ ಆಯ್ತು. ಉತ್ತರ ಪಾಕಿಸ್ತಾನದ ಒಬ್ಬ ಹುಡುಗ ಬೀದಿಯಲ್ಲಿ ತೋಳಿಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ತೋರಿಸುತ್ತಿದ್ದ. ಅವನಿಗೆ ನೋವೇ ಗೊತ್ತಿರಲಿಲ್ಲ. ಕೇಂಬ್ರಿಡ್ಜ್‌ನ ಜೆಫ್ ವುಡ್ಸ್ ಮತ್ತು ಸಂಗಡಿಗರು ಅವನನ್ನು ಪರೀಕ್ಷಿಸುವ ಮೊದಲೇ, 14ರ ಹರೆಯಕ್ಕೆ ಕಾಲಿಡುವಾಗ, ಮನೆಯ ಛಾವಣಿಯಿಂದ ಹಾರಿ ತೀರಿಕೊಂಡ. ಅವನ ಬಂಧುಗಳ ಮನೆಗಳಲ್ಲಿ ಇಂಥದ್ದೇ ಆರು ಮಕ್ಕಳಿದ್ದರು, ತುಟಿ ನಾಲಿಗೆ ಕಚ್ಚಿಕೊಂಡು ಗಾಯ ಮಾಡಿಕೊಂಡವರು. ಅವರಲ್ಲಿ ಅದೇ ನ್ಯಾವ್ 1.7 ಕೆಲಸವೇ ಮಾಡುತ್ತಿರಲಿಲ್ಲ.

ಗೇಟು ಮುಚ್ಚಿದರೆ ನೋವು ನಿಲ್ಲುತ್ತೆ, ಅಷ್ಟೇ ತಾನೇ? ಕಂಪನಿಗಳೂ ಹಾಗೇ ಅಂದ್ಕೊಂಡವು. ಆದ್ರೆ ಈ ಗೇಟಿಗಂತಲೇ ಮಾಡಿದ ಔಷಧಗಳು ರೋಗಿಗಳ ಮೇಲೆ ನಿರೀಕ್ಷೆಯಷ್ಟು ಫಲ ಕೊಡಲಿಲ್ಲ. ಅದರ ದಾಯಾದಿ ನ್ಯಾವ್ 1.8ನ್ನು ತಡೆಯುವ ಸುಜೆಟ್ರಿಜಿನ್ ಮಾತ್ರೆಗೆ ಅಮೆರಿಕ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಅಲ್ಪಕಾಲದ ತೀವ್ರ ನೋವಿಗೆ ಮಾತ್ರ.

ಅಮ್ಮನ ಉರಿಗೆ ಇದೊಂದೇ ಪ್ರೋಟೀನ್ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಗಾಯವಿಲ್ಲದೆಯೂ ನರ ಕೂಗಬಲ್ಲದು ಅನ್ನೋದಕ್ಕೆ ಈಗ ಸಾಕ್ಷಿ ಇದೆ. ಇದನ್ನೆಲ್ಲಾ ಅವಳಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, 'ಹಾಗಾದ್ರೆ ನಾನು ನಾಟಕ ಆಡ್ತಿರಲಿಲ್ಲ ಅಂತಾಯ್ತಲ್ಲ' ಅಂದಳು.

ಉತ್ತರ ಕೊಡೋಕೆ ನನಗೆ ಬಾಯಿ ಬರಲಿಲ್ಲ.