ಓದಿಗೂ ಮೊದಲು ಮಾತು: ಪುಣೆಯಿಂದ ಯಾದಗಿರಿಯವರೆಗೆ

ಪುಣೆಯಲ್ಲಿ ಕಟ್ಟಡ ಕೆಲಸ ಮಾಡುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದ ಕುಟುಂಬಗಳಿವೆ. ಮಕ್ಕಳು ಶೆಡ್ಡುಗಳಲ್ಲಿ ಆಡುವುದು ಕನ್ನಡ ಇಲ್ಲವೇ ಲಂಬಾಣಿ. ಶಾಲೆಯಲ್ಲಿ ಎದುರಾಗುವುದು ಮರಾಠಿ. ಬಾಯಲ್ಲಿ ಆಡದ ಭಾಷೆಯನ್ನು ಕಣ್ಣಿನಿಂದ ಓದುವುದು ಹೇಗೆ? ಎಳವೆಯ ಮಾತಿಗೂ ಓದಿಗೂ ಇರುವ ನಂಟನ್ನು ಹುಡುಕಿದವರ ದಾರಿ ಮರಾಠಿ ಸೀಮೆಯಲ್ಲಿ ಹಳೆಯದು.

1945ರಲ್ಲಿ ಶಿಶುಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಪುಣೆ ಜಿಲ್ಲೆಯ ಮೋರ್‌ಗಾವ್‌ನಲ್ಲಿ ಹುಟ್ಟಿದ ಅನುತಾಯಿ ವಾಘ್ ತಾರಾಬಾಯಿಯವರ ಜೊತೆಗೂಡಿದರು. ಬಾಲವಾಡಿಗೆ ಬಾರದ ಆದಿವಾಸಿ ಮಕ್ಕಳ ಅಂಗಳಕ್ಕೇ ಹಾಡು, ಕಥೆ, ಆಟವನ್ನು ಒಯ್ದರು. ಅಂಗನವಾಡಿಯ ಕಲ್ಪನೆ ಬೆಳೆದದ್ದು ಹೀಗೆ. 1975ರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆ ಹೆಸರನ್ನು ದೇಶಕ್ಕೆಲ್ಲ ಹಬ್ಬಿಸಿತು. ಆದರೆ ಊಟ, ಲಸಿಕೆ, ದಾಖಲೆ ಪುಸ್ತಕಗಳ ನಡುವೆ ಕಥೆಯ ಹೊತ್ತು ಕುಗ್ಗಿತು ಎಂದೇ ನನಗೆ ಅನ್ನಿಸುತ್ತದೆ. ಇನ್ನೊಂದು ಕಡೆ, ಪುಣೆಗೆ ಹತ್ತಿರದ ಫಲಟಣದಲ್ಲಿ, ಆ ಊರಿನ ಆಡುಮಾತನ್ನೇ ಅಧ್ಯಯನ ಮಾಡಿದ್ದ ಅಮೆರಿಕ ಮೂಲದ ಭಾಷಾವಿಜ್ಞಾನಿ ಮ್ಯಾಕ್ಸಿನ್ ಬರ್ನ್‌ಟ್‌ಸೆನ್ ಪ್ರಗತ ಶಿಕ್ಷಣ ಸಂಸ್ಥೆ ಕಟ್ಟಿ ಓದು ಕಲಿಸುವ ಕೆಲಸಕ್ಕಿಳಿದರು.

ಮಾತಿಗೂ ಓದಿಗೂ ಇರುವ ಇದೇ ನಂಟಿಗೆ 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು ಒಂದು ಸರಳ ಸೂತ್ರ ಕೊಟ್ಟರು: ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆ. ಇಂಗ್ಲಿಷನ್ನು ನೋಡಿ ಹುಟ್ಟಿದ ಈ ಸೂತ್ರವನ್ನು ನಮ್ಮ ಲಿಪಿಗೆ ಹಚ್ಚುವಾಗ ಎಚ್ಚರ ಬೇಕು. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೆ ಕಾರಣ ತೋರಿಸಿತು. ಕಾಗುಣಿತ, ಒತ್ತಕ್ಷರಗಳ ದೊಡ್ಡ ಬಳಗವಿರುವ ಕನ್ನಡದಲ್ಲಿ ಅಕ್ಷರಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಹಾಗಿದ್ದಮೇಲೆ "ಮೊದಲು ಅಕ್ಷರ ಬರಲಿ, ಕಥೆ ಆಮೇಲೆ" ಎನ್ನುವ ತರಗತಿ ಮಗುವಿನ ಮಾತಿನ ಎಷ್ಟು ವರ್ಷಗಳನ್ನು ಕಳೆಯುತ್ತದೆ!

ಆ ನಷ್ಟ ಕಣ್ಣಿಗೆ ಕಟ್ಟಿದ್ದು ಓದುಕಲಿಕೆಯ ಸಂಶೋಧಕಿ ಶೈಲಜಾ ಮೆನನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ. 2011ರಿಂದ ಕೆಲವು ವರ್ಷ ಅವರು ಕನ್ನಡಕ್ಕೆ ಯಾದಗಿರಿಯನ್ನೂ ಮರಾಠಿಗೆ ಪಾಲಘರ್ ಜಿಲ್ಲೆಯ ವಾಡಾವನ್ನೂ ಆರಿಸಿಕೊಂಡು ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳ ಜಾಡು ಹಿಡಿದರು. ಎರಡೂ ಕಡೆ ನಕಲು ಬರೆಯುವುದಕ್ಕೆ ಹೊತ್ತಿತ್ತು. ಮಗು ತನ್ನ ಅನುಭವ ಹೇಳಿಕೊಳ್ಳುವುದಕ್ಕೆ ಇರಲಿಲ್ಲ.

ಎಳೆಯ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ 2021ರ ನಿಪುಣ್ ಭಾರತ್ ಮಾರ್ಗಸೂಚಿಯಲ್ಲಿ ಮೌಖಿಕ ಭಾಷೆಗೆ ಸ್ಥಾನ ಸಿಕ್ಕಿರುವುದು ನಿಜವಾದ ಗೆಲುವು. ಆದರೂ ಯಾದಗಿರಿಯ ಅದೇ ಮಕ್ಕಳು ಪುಣೆಗೆ ಬಂದಾಗ ಅವರ ಕನ್ನಡವನ್ನು ಕೇಳುವವರು ಯಾರು? 1993ರಿಂದ ಪುಣೆಯಲ್ಲಿ ದುಡಿಯುತ್ತಿರುವ ಡೋರ್ ಸ್ಟೆಪ್ ಸ್ಕೂಲ್ ಎಂಬ ಸಂಸ್ಥೆ ಕಟ್ಟಡ ಕಟ್ಟುವ ಜಾಗಕ್ಕೇ ತರಗತಿಯನ್ನು ತಂದಿತು, ಬಸ್ಸನ್ನೂ ಪಾಠಶಾಲೆ ಮಾಡಿತು. ಇನ್ನು ಬೇಕಿರುವುದು ಆ ಮಗುವಿನ ಭಾಷೆಯಲ್ಲೇ ಕಥೆ ಹೇಳಿ, ಅದು ಎಷ್ಟು ತಿಳಿದುಕೊಂಡಿತು ಎಂದು ನೋಡುವ ಏರ್ಪಾಡು. ಮರಾಠಿಯಲ್ಲಿ ಸುಮ್ಮನೆ ಕುಳಿತ ಮಗುವನ್ನು ಕಲಿಕೆಯಲ್ಲಿ ಹಿಂದುಳಿದವರ ಪಟ್ಟಿಗೆ ಸೇರಿಸುವ ಮೊದಲೇ ಆಗಬೇಕಾದ ಕೆಲಸವಿದು.